ಮಗಳ 28ನೆಯ ದಿನ

ವಿದೇಶದಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು ನಮ್ಮ ಕಲಬುರಗಿ ಕಡೆಯಲ್ಲಿಯೂ ಈಗ ವಿರಳರಲ್ಲ. ಆದರೆ ಹೋಗಿ ಬಂದವರು ಹೇಳುವುದೆಲ್ಲ ನೋಡಿದ ಊರುಗಳ ಬಗ್ಗೆ. ಮಕ್ಕಳು ಅಲ್ಲಿ ದಿನವಿಡೀ ಏನು ಮಾಡುತ್ತಾರೆಂದು ಕೇಳಿದರೆ "ಓದ್ತಾರ್ರೀ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಜರ್ಮನಿಯ ಆಖೆನ್ ನಗರದಲ್ಲಿ ಕಟ್ಟಡ ಸಾಮಗ್ರಿಗಳ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಮಗಳ ಬಳಿಗೆ ನಾನೂ ನನ್ನ ಹೆಂಡತಿಯೂ ಹೊರಟಾಗ, ಅವಳ ಕೆಲಸದ ದಿನಗಳನ್ನು ನೋಡಿ ಬರಬೇಕೆಂಬುದೇ ನನಗಿದ್ದ ಮುಖ್ಯ ಆಸೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಭಟ್ಟಿಯ ಪಾಳಿ ನೋಡಿಕೊಂಡು ನಿವೃತ್ತನಾದವನಿಗೆ ಅದು ಸಹಜವೇ.

ಆ ಕಾರಣಕ್ಕಾಗಿ ಮೇ ತಿಂಗಳನ್ನು ಆರಿಸಿಕೊಂಡೆವು. ಅಲ್ಲಿಯ ಬೇಸಿಗೆ ಸೆಮಿಸ್ಟರ್ ಏಪ್ರಿಲ್‌ನಲ್ಲಿ ಆರಂಭವಾಗಿ, ಜುಲೈವರೆಗೆ ತರಗತಿಗಳು ನಡೆದು, ಆಮೇಲೆ ಪರೀಕ್ಷೆಗಳು ಬರುತ್ತವೆ. ಹವೆ ಚೆನ್ನಾಗಿರುತ್ತದೆಂದು ಜುಲೈ, ಆಗಸ್ಟ್‌ನಲ್ಲಿ ಹೋದರೆ ಮಕ್ಕಳು ಪುಸ್ತಕದಿಂದ ತಲೆಯೆತ್ತುವ ಸ್ಥಿತಿಯಲ್ಲಿರುವುದಿಲ್ಲ. ಮೇ ತಿಂಗಳಿನ ನಮ್ಮೂರ ಬಿಸಿಲಿನಿಂದ ತಪ್ಪಿಸಿಕೊಂಡದ್ದು ಮೇಲಿನ ಲಾಭ. ವೀಸಾದ ಮಾತನ್ನು ಚಿಕ್ಕದಾಗಿ ಹೇಳುವುದಾದರೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ ಹೆಚ್ಚೆಂದರೆ 90 ದಿನ ಇರಬಹುದು, ಪ್ರವಾಸ ವಿಮೆ ಕನಿಷ್ಠ 30,000 ಯೂರೋಗಳದ್ದಾಗಿರಬೇಕು, ಮತ್ತು ವಿದ್ಯಾರ್ಥಿಯಾದ ಮಗಳ ಆಮಂತ್ರಣ ಪತ್ರವೊಂದೇ ಸಾಲದೆ ನಮ್ಮ ಬ್ಯಾಂಕ್ ಲೆಕ್ಕ, ಪಿಂಚಣಿ ಕಾಗದ, ಹೊಲದ ಪಹಣಿಯ ಇಂಗ್ಲಿಷ್ ಅನುವಾದ ಎಲ್ಲವನ್ನೂ ಜೋಡಿಸಬೇಕಾಯಿತು. ವಿಮಾನ ಹತ್ತಲು ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಕಟ್ಟಿಕೊಂಡು ಹೋಗುವ ತಿನಿಸಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲವಾದ್ದರಿಂದ ತುಪ್ಪವೂ ಪೇಡೆಯೂ ಉಳಿದವು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತೆಂಗಿನಕಾಯಿಗೆ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜೋಳದ ಹಿಟ್ಟು ಪೆಟ್ಟಿಗೆ ಸೇರಿದವು. ಮಗಳ ವಿದ್ಯಾರ್ಥಿ ನಿಲಯದ ಕೋಣೆಯಲ್ಲಿ ಮೂವರಿಗೆ ಜಾಗವಿರಲಿಲ್ಲವೆಂದು ಹತ್ತಿರದಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಬೆಂಕಿಯ ಒಲೆ ಇಲ್ಲ, ಗಾಜಿನ ಹಲಗೆಯಂತಹ ವಿದ್ಯುತ್ ಒಲೆ. ಉರಿ ಕಾಣದ ರೊಟ್ಟಿ ಉಬ್ಬಲಿಲ್ಲ. ಸಾಲದ್ದಕ್ಕೆ ಭಾನುವಾರ ಅಲ್ಲಿ ಇಡೀ ದಿನ ಸದ್ದು ಮಾಡಬಾರದ ದಿನ. "ಅವ್ವ, ಇವತ್ತ ಐತಾರ ಅದ, ರೊಟ್ಟಿ ಬಡಿಬ್ಯಾಡ, ಕೆಳಗಿನ ಮನಿಯವ್ರು ಮ್ಯಾಲ ಬರ್ತಾರ" ಎಂದು ಮಗಳು ತಡೆದಾಗ ಅವಳ ತಾಯಿಗೆ ಬಂದ ಸಿಟ್ಟು ಸಂಜೆಯವರೆಗೂ ಇಳಿಯಲಿಲ್ಲ. ನನ್ನ ಹೆಂಡತಿಗೆ ಇನ್ನೊಂದು ಅಭ್ಯಾಸ, ಕಾಫಿಯಿಂದ ಬಸ್ ಟಿಕೆಟಿನವರೆಗೆ ಎಲ್ಲವನ್ನೂ ರೂಪಾಯಿಗೆ ತಿರುಗಿಸುವುದು. "ರೂಪಾಯಿ ಲೆಕ್ಕ ಹಾಕ್ಕೋತ ಕುಂತ್ರ ಇಲ್ಲಿ ಊಟ ಸೇರಂಗಿಲ್ಲ" ಎಂದು ಮಗಳು ನಗುತ್ತಿದ್ದಳು. ಅವಳ ವಿದ್ಯಾರ್ಥಿ ವೀಸಾಕ್ಕೆಂದು ನಾವು ಮೊದಲೇ ಖಾತೆಯಲ್ಲಿಟ್ಟ 11,904 ಯೂರೋಗಳಲ್ಲಿ ತಿಂಗಳಿಗೆ ಅವಳ ಕೈಗೆ ಬರುವುದು 992. ಅಷ್ಟರಲ್ಲಿ ಕೋಣೆಯ ಬಾಡಿಗೆ, ವಿಮೆ, ಊಟ ಎಲ್ಲವನ್ನೂ ಅವಳು ಹೇಗೆ ತೂಗಿಸುತ್ತಾಳೆಂಬುದು ಫೋನಿನಲ್ಲಿ ನಮಗೆಂದೂ ತಿಳಿದಿರಲಿಲ್ಲ.

ಮೊದಲೇ ಅನುಮತಿ ಪಡೆದು ಅವಳು ನಮ್ಮನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಸಿಮೆಂಟಿನ ಬಲ ಪರೀಕ್ಷಿಸಲು ನಮ್ಮಲ್ಲಿ 70.6 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು 27 ಡಿಗ್ರಿಯ ನೀರಿನಲ್ಲಿ ಇಡುತ್ತೇವೆ. ಅಲ್ಲಿ 40 ಮಿಲಿಮೀಟರ್ ಅಗಲ, ಅಷ್ಟೇ ದಪ್ಪ, 160 ಮಿಲಿಮೀಟರ್ ಉದ್ದದ ತುಂಡುಗಳು, ನೀರು 20 ಡಿಗ್ರಿ. ಆಕಾರ ಬೇರೆಯಾದರೂ 28ನೆಯ ದಿನಕ್ಕೆ ಒಡೆದು ನೋಡುವ ಕ್ರಮ ಒಂದೇ, ಹಾಗಾಗಿ ಯಾರೂ ವಿವರಿಸದೆಯೇ ಅಲ್ಲಿಯ ಅರ್ಧ ಕೆಲಸ ನನಗೆ ಅರ್ಥವಾಯಿತು. ಉಳಿದರ್ಧವನ್ನು ಮಗಳು ಹೇಳಿದಳು. ಶುದ್ಧ ಸುಣ್ಣದ ಕಲ್ಲನ್ನು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇಂಧನದ ಹೊಗೆ ಇದರ ಮೇಲೆ ಬೇರೆ. ಆದ್ದರಿಂದ ಸುಣ್ಣದ ಕಲ್ಲಿನಿಂದ 1450 ಡಿಗ್ರಿಯಲ್ಲಿ ಬೇಯುವ, ಅರೆದರೆ ಸಿಮೆಂಟಾಗುವ ಕ್ಲಿಂಕರ್ ಎಂಬ ಗಟ್ಟಿಯ ಪಾಲನ್ನು ಅರ್ಧಕ್ಕೆ ಇಳಿಸಿ, ಆ ಜಾಗದಲ್ಲಿ 800 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟ ಜೇಡಿಮಣ್ಣನ್ನೂ ಸುಡದ ಸುಣ್ಣದ ಕಲ್ಲಿನ ಪುಡಿಯನ್ನೂ ಬೆರೆಸುವುದು ಅವಳ ಅಭ್ಯಾಸದ ವಿಷಯ. ಅಂದರೆ ಯಾವ ಕ್ಲಿಂಕರಿನ ಟನ್ನು ಹೆಚ್ಚಿಸಲು ನಾನು ರಾತ್ರಿ ಪಾಳಿಗಳಲ್ಲಿ ಎದ್ದಿದ್ದೆನೋ ಅದನ್ನೇ ಕಡಿಮೆ ಮಾಡಲು ನನ್ನ ಪಿಂಚಣಿಯ ದುಡ್ಡಿನಲ್ಲಿ ಇವಳು ಓದುತ್ತಿದ್ದಾಳೆ! ನನಗೆ ಬೇಸರವೇನೂ ಆಗಲಿಲ್ಲ, ಆದರೆ ವಾದವನ್ನು ಬಿಡಲಿಲ್ಲ. ಈ ಮಿಶ್ರಣ ಮೊದಲ ಒಂದೆರಡು ದಿನ ನಿಧಾನವಾಗಿ ಬಲಗೊಳ್ಳುತ್ತದೆ. ನಮ್ಮೂರ ಗುತ್ತಿಗೆದಾರನಿಗೆ ಸೆಂಟ್ರಿಂಗ್ ಬೇಗ ಬಿಚ್ಚಬೇಕು, ಅವನನ್ನು ಹೇಗೆ ಒಪ್ಪಿಸುತ್ತೀ ಎಂದು ಕೇಳಿದೆ. ಏಳನೆಯ ದಿನಕ್ಕೆ ಬಲ ಸಮಕ್ಕೆ ಬರುತ್ತದೆಂದೂ, ಭಾರತದಲ್ಲಿಯೇ 2023ರಲ್ಲಿ ಇಂತಹ ಸಿಮೆಂಟಿಗೆ ಮಾನಕ ಹೊರಬಿದ್ದಿದೆಯೆಂದೂ ಅವಳು ಉತ್ತರಿಸಿದಳು. ಗುತ್ತಿಗೆದಾರನ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲವೆಂದು ನಾನು ಈಗಲೂ ಹೇಳುತ್ತೇನೆ.

ಊರು ನೋಡಲೇ ಇಲ್ಲವೆಂದಲ್ಲ. ಆಖೆನ್‌ನ ಪ್ರಧಾನ ಇಗರ್ಜಿ 1978ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅದರ ಎಂಟು ಮೂಲೆಯ ಗುಮ್ಮಟದ ಕೆಳಗೆ ನಿಂತಾಗ ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಗುಮ್ಮಟಗಳ ಸಾಲು ನೆನಪಾಯಿತು, ಮತ್ತು ಅದನ್ನು ನೋಡಲು ಮಗಳನ್ನು ನಾನೆಂದೂ ಕರೆದೊಯ್ದಿಲ್ಲವಲ್ಲ ಎಂದು ಹೆಂಡತಿ ಅಲ್ಲಿಯೇ ಚುಚ್ಚಿದಳು.

ಪ್ಯಾರಿಸ್‌ಗೆ ಆಖೆನ್‌ನಿಂದ ರೈಲಿನಲ್ಲಿ ಮೂರು ಗಂಟೆಯೂ ಬೇಡ. ಆದರೆ ಹೊರಡಬೇಕೆಂದುಕೊಂಡ ದಿನವೇ ಮಗಳ ತುಂಡುಗಳ 28ನೆಯ ದಿನವಾಗಿತ್ತು. ಮಾನಕದ ಪ್ರಕಾರ ಅದರಲ್ಲಿ ಎಂಟು ಗಂಟೆಗಿಂತ ಹೆಚ್ಚು ಹಿಂದುಮುಂದು ಮಾಡುವಂತಿಲ್ಲ, ಅಪ್ಪ ಅವ್ವ ಬಂದಿದ್ದಾರೆಂದು ಸಿಮೆಂಟು ಕಾಯುವುದಿಲ್ಲ. ನೀವಿಬ್ಬರೇ ಹೋಗಿಬನ್ನಿ ಎಂದು ಮಗಳು ಹೇಳಿದಳು, ನಾನು ಪ್ರಯೋಗಾಲಯಕ್ಕೆ ಹೋದೆ. ಷೆಂಗೆನ್ ವೀಸಾ ಫ್ರಾನ್ಸಿಗೂ ನಡೆಯುವಂಥದ್ದಾದ್ದರಿಂದ ಕಾಗದಪತ್ರದ ನೆಪವನ್ನು ಹೇಳಲೂ ನನಗೆ ಬರುವಂತಿಲ್ಲ, ಹೆಂಡತಿಯ ತಕರಾರು ಇಂದಿಗೂ ನಡೆದೇ ಇದೆ.