ಜನವರಿ ಒಂದರ ಕಾಗೆ

ಪ್ರತಿ ವರ್ಷ ಜನವರಿ 1ರ ಬೆಳಿಗ್ಗೆ ನನ್ನ ನೋಟ್‌ಬುಕ್ಕಿನ ಹೊಸ ಪುಟಕ್ಕೆ ಮೊದಲು ಬರುವ ಹೆಸರು ಬಹುತೇಕ ಕಾಗೆಯದೇ. ಬೆಳಕು ಹರಿಯುವ ಮೊದಲೇ ಹಿತ್ತಲಿನ ನುಗ್ಗೆಮರದಿಂದ ಅದರ ಕೂಗು ಕೇಳುತ್ತದೆ; ಬೆನ್ನಿಗೇ ಮಡಿವಾಳ ಹಕ್ಕಿ, ಗೊರವಂಕ, ಕೆಮ್ಮೀಸೆ ಪಿಕಳಾರ, ತೆಂಗಿನ ಗರಿಯ ಮೇಲಿನ ಅಳಿಲು ಒಂದೊಂದಾಗಿ ಪುಟ ಸೇರುತ್ತವೆ. ಹಿಂದಿನ ರಾತ್ರಿಯವರೆಗೆ, ಆ ವರ್ಷ ಕಂಡ ಹಕ್ಕಿ ಪ್ರಾಣಿಗಳ ನೂರೈವತ್ತಕ್ಕೂ ಮಿಕ್ಕಿ ಹೆಸರುಗಳಿದ್ದ ಪಟ್ಟಿ ಅಂದು ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ, ವರ್ಷದ ಉಳಿದ ದಿನಗಳಲ್ಲಿ ತಲೆಯೆತ್ತಿ ನೋಡದ ಕಾಗೆಯನ್ನು ಅಂದು ನಿಂತು ನೋಡುತ್ತೇನೆ. ಇದು ಕತ್ತು ಬೂದಾಗಿರುವ ಊರುಕಾಗೆಯೋ, ಮೈಯೆಲ್ಲ ಕಪ್ಪಾಗಿರುವ ಕಾಡುಕಾಗೆಯೋ ಎಂದು ಖಚಿತವಾದ ಮೇಲೆಯೇ ಬರೆಯುತ್ತೇನೆ.

ಈ ಪಟ್ಟಿಯನ್ನು 2016ರಿಂದ ಇಡುತ್ತಿದ್ದೇನೆ. ಅದಕ್ಕೆ ತುಮಕೂರು ಜಿಲ್ಲೆಯೇ ಎಲ್ಲೆ. ದಾಂಡೇಲಿಗೆ ಹೋಗಿ ಮಂಗಟ್ಟೆಗಳನ್ನು ಕಂಡು ಬಂದದ್ದುಂಟು, ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ನೀರುನಾಯಿಗಳನ್ನು ನೋಡಿದ್ದುಂಟು. ಅವೆಲ್ಲ ಬೇರೆ ಪುಸ್ತಕದಲ್ಲಿವೆ. ವರ್ಷದ ಪಟ್ಟಿಗೆ ಬರಬೇಕಾದರೆ ಪ್ರಾಣಿಯಾಗಲಿ ಹಕ್ಕಿಯಾಗಲಿ ಜಿಲ್ಲೆಯೊಳಗೆ, ಜೀವಂತವಾಗಿ, ಗುರುತಿಗೆ ಅನುಮಾನವಿಲ್ಲದಂತೆ ಕಾಣಬೇಕು. ಇದುವರೆಗಿನ ಅತಿ ದೊಡ್ಡ ಪಟ್ಟಿಯಲ್ಲಿ 171 ಹಕ್ಕಿಗಳೂ 16 ಸಸ್ತನಿಗಳೂ ಇದ್ದವು. ಆ ಸಂಖ್ಯೆಗಳ ಬಗ್ಗೆ ಇಷ್ಟು ಸಾಕು; ಪಟ್ಟಿಯ ತಿರುಳಿರುವುದು ಹೆಸರಿನ ಪಕ್ಕದ ತಾರೀಖಿನ ಕಲಮಿನಲ್ಲಿ ಎಂಬುದು ಮೂರ‍್ನಾಲ್ಕು ವರ್ಷ ಕಳೆದ ಮೇಲೆ ನನಗೆ ಅರ್ಥವಾಯಿತು.

ಬೂದು ಕುಂಡೆಕುಸ್ಕವನ್ನೇ ತೆಗೆದುಕೊಳ್ಳೋಣ. ಹೊಟ್ಟೆ ಹಳದಿ, ಬೆನ್ನು ಬೂದಿ ಬಣ್ಣ, ನಿಂತಲ್ಲಿ ನಿಲ್ಲದೆ ಬಾಲವನ್ನು ಮೇಲೆ ಕೆಳಗೆ ಕುಣಿಸುವ ಈ ಸಣ್ಣ ಹಕ್ಕಿ ಹಿಮಾಲಯದಲ್ಲಿಯೂ ಅದರಾಚೆಯ ನಾಡುಗಳಲ್ಲಿಯೂ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮಲ್ಲಿಗೆ ಇಳಿದು ಬರುತ್ತದೆ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯ ಬಳಿ ಅದನ್ನು ನಾನು ಮೊದಲು ಕಂಡ ದಿನಗಳು ಹೀಗಿವೆ: 2018ರಲ್ಲಿ ಸೆಪ್ಟೆಂಬರ್ 16, 2019ರಲ್ಲಿ ಸೆಪ್ಟೆಂಬರ್ 11, 2021ರಲ್ಲಿ ಸೆಪ್ಟೆಂಬರ್ 19, 2023ರಲ್ಲಿ ಸೆಪ್ಟೆಂಬರ್ 8. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದೊಂದು ಜೀವ ಅಷ್ಟು ದೂರ ಹಾರಿ ಬಂದು, ಹೆಚ್ಚೆಂದರೆ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಅದೇ ಒದ್ದೆ ಬಂಡೆಯ ಮೇಲೆ ಬಾಲ ಕುಣಿಸುತ್ತಾ ನಿಂತಿರುತ್ತದೆ. ಈ ನಾಲ್ಕು ತಾರೀಖುಗಳನ್ನು ಒಂದರ ಕೆಳಗೊಂದು ಇಟ್ಟು ಓದಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಗುಲಾಬಿ ಕಬ್ಬಕ್ಕಿಗಳ ಲೆಕ್ಕ ಇಷ್ಟು ಕಟ್ಟುನಿಟ್ಟಲ್ಲ. ಮುತ್ತುಗ ಹೂಬಿಟ್ಟ ಕಡೆಗೆ ಮಧ್ಯ ಏಷ್ಯಾದಿಂದ ಬಂದ ಆ ಹಿಂಡುಗಳು ಸುರಿಯುತ್ತವೆ, ಹೂ ಇಲ್ಲದ ಕಡೆ ತಿರುಗಿಯೂ ನೋಡುವುದಿಲ್ಲ.

ಅಪರೂಪದ ಹಕ್ಕಿಯೊಂದಿಗೆ ಸಾಮಾನ್ಯ ಹಕ್ಕಿಗಳನ್ನೂ ತಪ್ಪದೆ ಬರೆಯುವುದೇಕೆ ಎಂದು ಕೇಳುವವರಿದ್ದಾರೆ. ಅಂತರ್ಜಾಲದಲ್ಲಿ ಹಕ್ಕಿವೀಕ್ಷಕರು ಬಳಸುವ ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂಬ ಪ್ರಶ್ನೆಯೊಂದು ಬರುತ್ತದೆ. ಹೌದು ಎಂದು ನಾವು ಹೇಳಿದಾಗ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹೆಸರಿಗೂ ಅರ್ಥ ಬರುತ್ತದೆ: ಕಾಗೆಯನ್ನೂ ಬೆಳ್ಳಕ್ಕಿಯನ್ನೂ ಬಿಡದೆ ಬರೆದವನು ನೀಲಕಂಠವನ್ನು ಬರೆದಿಲ್ಲವೆಂದರೆ, ಆ ಬೆಳಿಗ್ಗೆ ಅಲ್ಲಿ ನೀಲಕಂಠ ಅವನ ಕಣ್ಣಿಗೆ ಬಿದ್ದಿಲ್ಲವೆಂದೇ ತಿಳಿಯಬೇಕು. 2017ರ ಚಳಿಗಾಲದಲ್ಲಿ ಕೊರಟಗೆರೆಯ ರಸ್ತೆಯುದ್ದಕ್ಕೂ ವಿದ್ಯುತ್ ತಂತಿಗಳ ಮೇಲೆ ಒಂದೇ ಬೆಳಿಗ್ಗೆ ಒಂಬತ್ತು ನೀಲಕಂಠಗಳನ್ನು ಎಣಿಸಿದ್ದೆ. ಕಳೆದ ಮೂರು ಚಳಿಗಾಲಗಳಲ್ಲಿ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಎರಡಕ್ಕಿಂತ ಹೆಚ್ಚು ಕಂಡಿಲ್ಲ. ಒಬ್ಬನ ಒಂದು ರಸ್ತೆಯ ಲೆಕ್ಕದಿಂದ ಏನನ್ನೂ ತೀರ್ಮಾನಿಸಬಾರದು ಎಂದು ಸುಮ್ಮನಿದ್ದೆ. ಆದರೆ ಸುಮಾರು 30,000 ಹಕ್ಕಿವೀಕ್ಷಕರ ದಾಖಲೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೂ ನೀಲಕಂಠ ಕಡಿಮೆಯಾಗುತ್ತಿದೆ ಎಂದೇ ಹೇಳಿತು. ನಮ್ಮ ರಾಜ್ಯಪಕ್ಷಿ ಅದು. ಆ ಮೂವತ್ತು ಸಾವಿರ ಜನರೆಲ್ಲರೂ ‘ಎಲ್ಲೆಲ್ಲೂ ಇರುವ ಹಕ್ಕಿ, ಬರೆಯುವುದೇನು’ ಎಂದುಕೊಂಡಿದ್ದರೆ ಆ ಇಳಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪಟ್ಟಿಯಿಂದ ಹೊಡೆದುಹಾಕಿದ ಹೆಸರುಗಳೂ ಇವೆ. ದೇವರಾಯನದುರ್ಗ ಹಳದಿ ಕೊರಳಿನ ಪಿಕಳಾರ ಕಾಣುವ ಬೆಟ್ಟ. ದಕ್ಷಿಣ ಭಾರತದ ಕಲ್ಲುಬಂಡೆ, ಕುರುಚಲು ಗಿಡಗಳಿರುವ ಕೆಲವೇ ಬೆಟ್ಟಗಳಲ್ಲಿ ಬಿಟ್ಟರೆ ಅದು ಜಗತ್ತಿನಲ್ಲಿ ಮತ್ತೆಲ್ಲೂ ಇಲ್ಲವಾದ್ದರಿಂದ, ಪ್ರತಿ ವರ್ಷ ಅದರ ಹೆಸರು ಬರೆಯುವ ಆಸೆ ನನಗೆ ಸಹಜವಾಗಿಯೇ ಹೆಚ್ಚು. 2020ರಲ್ಲಿ ಬೆಟ್ಟದ ತಿರುವಿನ ಪೊದೆಯೊಂದರಲ್ಲಿ ಹಳದಿ ಛಾಯೆಯೊಂದು ಸರಿದಾಡಿದ್ದೇ ತಡ, ಹೆಸರು ಬರೆದುಬಿಟ್ಟೆ. ರಾತ್ರಿ ಮನೆಯಲ್ಲಿ ಕಣ್ಣುಮುಚ್ಚಿ ಮತ್ತೆ ನೆನೆದಾಗ ನಾನು ಕಂಡದ್ದು ಬಾಲದ ಬುಡದ ಹಳದಿಯೇ ಹೊರತು ಕೊರಳಿನ ಹಳದಿಯಲ್ಲ ಎಂಬುದು ತಿಳಿಯಿತು. ಅದು ಅದೇ ಪೊದೆಗಳಲ್ಲಿ ಧಾರಾಳವಾಗಿರುವ ಬಿಳಿ ಹುಬ್ಬಿನ ಪಿಕಳಾರವೂ ಆಗಿರಬಹುದಿತ್ತು. ಹೆಸರಿನ ಮೇಲೆ ಗೆರೆ ಎಳೆದೆ. ಆ ವರ್ಷ ಅದು ಮತ್ತೆ ಸಿಗಲಿಲ್ಲ. ಗೆರೆ ಎಳೆದ ಸಾಲು ಹಾಗೆಯೇ ಇದೆ.

ಸಸ್ತನಿಗಳ ಪುಟ ಇದಕ್ಕಿಂತ ಬೇರೆಯದೇ ತಾಳ್ಮೆಯನ್ನು ಕೇಳುತ್ತದೆ. ಹಕ್ಕಿ ಕೂಗುತ್ತದೆ, ಹಾರುತ್ತದೆ, ಬೆಳಕಿನಲ್ಲಿ ಬದುಕುತ್ತದೆ. ನಮ್ಮ ಭಾಗದ ಸಸ್ತನಿಗಳಲ್ಲಿ ಬಹುಪಾಲು ರಾತ್ರಿಯವು, ಮನುಷ್ಯನ ವಾಸನೆ ಬಂದರೆ ಸಾಕು ದೂರ ಸರಿಯುವವು. ಆದ್ದರಿಂದಲೇ ಹಕ್ಕಿಗಳ ಪಟ್ಟಿ ಇಡುವ ಗೆಳೆಯರಿಗೆಲ್ಲ ಒಂದು ಪುಟವನ್ನು ಸಸ್ತನಿಗಳಿಗೂ ತೆಗೆದಿಡಿ ಎಂದು ಹೇಳುತ್ತಿರುತ್ತೇನೆ. ವರ್ಷಕ್ಕೆ ಹತ್ತು ಹೆಸರು ಸಿಕ್ಕರೂ ಆ ಹತ್ತರ ಹಿಂದೆ ಎಷ್ಟೋ ರಾತ್ರಿಗಳಿರುತ್ತವೆ.

ಕಾಡುಪಾಪ ಎಂಬ ಪುಟ್ಟ ನಿಶಾಚರ ಪ್ರಾಣಿಯನ್ನು ಹುಡುಕಲು ನಾನು ಹೋಗುವ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾಟ ಮಂತ್ರಕ್ಕೆಂದು ಅದನ್ನು ಹಿಡಿಯುವವರು ಇಂದಿಗೂ ಇದ್ದಾರೆ. ಹೊಲದ ಅಂಚಿನ ಕಳ್ಳಿಬೇಲಿ, ಅದರ ಮೇಲೆ ಬಾಗಿದ ಹೊಂಗೆ ಮರಗಳು, ಆಚೆ ಹುಣಸೆ ತೋಪು. ಇಷ್ಟೇ ಆ ಜಾಗ. ಟಾರ್ಚಿನ ಗಾಜಿಗೆ ಕೆಂಪು ಹಾಳೆ ಸುತ್ತಿ, ಬೇಲಿಯ ಪಕ್ಕ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯಬೇಕು. ಕಳೆದ ಫೆಬ್ರವರಿಯಲ್ಲಿ ಸತತ ಮೂರು ರಾತ್ರಿ ಬರಿಗೈಯಲ್ಲಿ ಮರಳಿ ನಾಲ್ಕನೆಯ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ತಲೆಗಿಂತ ತುಸು ಎತ್ತರದ ಹೊಂಗೆಯ ಕೊಂಬೆಯಲ್ಲಿ ಎರಡು ಕೆಂಡಗಳು ಒಟ್ಟಿಗೆ ಹೊತ್ತಿಕೊಂಡವು. ಹಕ್ಕಿಯ ಹಾಗೆ ಒಂದು ಕಣ್ಣಲ್ಲ, ನಮ್ಮ ಹಾಗೆ ಮುಂದಕ್ಕೇ ನೆಟ್ಟ ಎರಡು ಕಣ್ಣು. ಬೆಳಕನ್ನು ಪಕ್ಕಕ್ಕೆ ಸರಿಸಿ ಕಾಯುತ್ತಾ ನಿಂತೆ. ಕಡ್ಡಿಯಂಥ ತೋಳೊಂದು ನಿಧಾನವಾಗಿ ಮುಂದೆ ಚಾಚಿ, ಮುಂದಿನ ರೆಂಬೆಯನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದ ಮೇಲೆಯೇ ಹಿಂದಿನ ಕಾಲು ತನ್ನ ಹಿಡಿತವನ್ನು ಬಿಟ್ಟಿತು. ಒಂದು ಎಲೆಯೂ ಅಲುಗಲಿಲ್ಲ. ಕೊಂಬೆಯ ತುದಿಯಲ್ಲಿದ್ದ ಯಾವುದೋ ಹುಳುವಿನ ಕಡೆಗೆ ಎರಡು ಅಡಿ ಸಾಗಲು ಅದು ಬಹಳ ಹೊತ್ತು ತೆಗೆದುಕೊಂಡಿತು. ಹುಳುವನ್ನು ಕಸಿದದ್ದು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ, ಎರಡೂ ಕೈಗಳಿಂದ. ಐದು ನಿಮಿಷಕ್ಕಿಂತ ಹೆಚ್ಚು ಅದರ ಮೇಲೆ ಬೆಳಕು ಬಿಡಬಾರದೆಂಬ ನಿಯಮ ನನ್ನದು. ಟಾರ್ಚ್ ಆರಿಸಿ, ಕತ್ತಲಲ್ಲಿಯೇ ತಾರೀಖು ಬರೆದುಕೊಂಡೆ. ಅಕ್ಷರಗಳು ಗೆರೆ ಬಿಟ್ಟು ಓರೆಯಾಗಿವೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಜಾಗದಲ್ಲಿ, ಕೃಷ್ಣಮೃಗಗಳಿಗೆ ಕಾಯಬೇಕಾಗಿಲ್ಲ. ಚಳಿಗಾಲದಲ್ಲಿ ಹೋದರೆ ಹುಲ್ಲಿನ ಮೇಲೆ ತಗ್ಗಾಗಿ ತೇಲುವ ಸೆಳೆವವೆಂಬ ಬೇಟೆಹಕ್ಕಿಗಳೂ ಸಿಗುತ್ತವೆ. ತೋಳ ಮಾತ್ರ ನನ್ನ ಪಟ್ಟಿಗೆ ಇನ್ನೂ ಬಂದಿಲ್ಲ. ಎರಡು ವರ್ಷಗಳ ಹಿಂದೆ ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬರು ನನ್ನ ದುರ್ಬೀನನ್ನು ನೋಡಿ, “ತ್ವಾಳ ನೋಡಾಕ್ ಬಂದ್ರಾ ಸಾಮಿ? ನಿನ್ನೆ ವತ್ತಾರೆ ಇದೇ ಬದಿನ ಮ್ಯಾಲೆ ನಿಂತಿತ್ತು” ಎಂದರು. ನಾಯಿಯಿದ್ದೀತೇನೋ ಎಂದು ನಾನು ಅನುಮಾನಪಟ್ಟಾಗ ಅವರು ತಮ್ಮ ಕೋಲನ್ನು ಹಿಂದಕ್ಕೆ ಇಳಿಬಿಟ್ಟು ತೋರಿಸಿ, “ನಾಯಿ ಬಾಲ ಎತ್ಕಂಡ್ ಓಡಾಡ್ತತೆ. ಇದು ಹಿಂಗ್ ಇಳ್‌ಬಿಟ್ಕಂಡೇ ಹೋಯ್ತು” ಎಂದರು. ಅವರ ಗುರುತಿಸುವಿಕೆಯಲ್ಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ. ಆದರೂ ನಾನೇ ಕಂಡದ್ದಲ್ಲವಾದ್ದರಿಂದ ಅದನ್ನು ಪಟ್ಟಿಗೆ ಸೇರಿಸದೆ, ಅಂದಿನಿಂದ ‘ಕೇಳಿದ್ದು’ ಎಂಬ ಇನ್ನೊಂದು ಕಲಮನ್ನು ಎಳೆದು, ದಿನ, ಜಾಗ ಮತ್ತು ಬಾಲದ ಆ ವಿವರದೊಂದಿಗೆ ಬರೆದಿಟ್ಟೆ. ಈಗ ಆ ಕಲಮಿನಲ್ಲಿ ಚಿಪ್ಪುಹಂದಿಯೂ ಮುಳ್ಳುಹಂದಿಯೂ ಇವೆ. ಎಲ್ಲವೂ ಕುರಿಗಾಹಿಗಳೂ ರಾತ್ರಿ ನೀರು ಕಟ್ಟುವ ರೈತರೂ ಹೇಳಿದವು.

ನೋಟ್‌ಬುಕ್ಕಿನ ಕೊನೆಯ ಪುಟ ಸತ್ತವುಗಳದ್ದು. ರಸ್ತೆಯಲ್ಲಿ ಗಾಡಿಗೆ ಸಿಕ್ಕ ಪ್ರಾಣಿಯನ್ನು ವರ್ಷದ ಲೆಕ್ಕಕ್ಕೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಬರೆಯದೆ ಬಿಡುವುದೂ ತಪ್ಪೆನಿಸುತ್ತದೆ. ದೇವರಾಯನದುರ್ಗದ ಕಡೆಗೆ ಹೋಗುವ ಕಾಡಿನ ರಸ್ತೆಯೊಂದರಲ್ಲಿ ಹದಿನಾಲ್ಕು ತಿಂಗಳಲ್ಲಿ ಎರಡು ಪುನುಗು ಬೆಕ್ಕು, ಒಂದು ಕಾಡುಬೆಕ್ಕು, ಎರಡು ಮೊಲ, ಒಂದು ಮುಂಗುಸಿ ಸತ್ತು ಬಿದ್ದದ್ದನ್ನು ಬರೆದಿದ್ದೇನೆ. ಈಚೆಗೆ ಆ ಪುಟವನ್ನು ಒಟ್ಟಿಗೆ ಓದಿದಾಗ, ಆರರಲ್ಲಿ ನಾಲ್ಕು ಸತ್ತದ್ದು ಎರಡು ಮೋರಿಗಳ ನಡುವಿನ ಒಂದೇ ಕಿಲೋಮೀಟರಿನಲ್ಲಿ, ಇಳಿಜಾರಿನಲ್ಲಿ ಗಾಡಿಗಳು ವೇಗ ಹಿಡಿಯುವ ಕಡೆ, ಎಂಬುದು ಕಣ್ಣಿಗೆ ಬಿತ್ತು. ಆ ಆರು ಸಾಲುಗಳನ್ನು ತಾರೀಖಿನ ಸಮೇತ ಶುಭ್ರವಾಗಿ ನಕಲು ಮಾಡಿ, ರಸ್ತೆಯ ಕೈನಕ್ಷೆಯೊಂದನ್ನು ಜೊತೆಗಿಟ್ಟು, ಅರಣ್ಯ ಇಲಾಖೆಗೆ ಬರೆದ ಅರ್ಜಿಗೆ ಲಗತ್ತಿಸಿದ್ದೇನೆ. ಕೇಳಿರುವುದು ಎರಡು ರಸ್ತೆ ಉಬ್ಬು ಮತ್ತು ಒಂದು ಎಚ್ಚರಿಕೆಯ ಫಲಕ. ಸೋಮವಾರ ಖುದ್ದಾಗಿ ಹೋಗಿ ಕೊಟ್ಟು ಬರುತ್ತೇನೆ.