ಕ್ರಿಯಾಪದದವರೆಗೂ ದನಿ ಇರಲಿ

ತುಮಕೂರಿನ ಕಾಲೇಜೊಂದರಲ್ಲಿ ಭಾಷಣ ಹಾಗೂ ಚರ್ಚಾಸ್ಪರ್ಧೆಗಳಿಗೆ ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಸಭಿಕರ ಗಮನವನ್ನು ಹಿಡಿದಿಟ್ಟುಕೊಳ್ಳುವುದು ಹೇಗೆಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಒಂದು ವಚನ, ಒಂದು ಕಗ್ಗದ ಪದ್ಯ, ಒಂದೆರಡು ನಗೆಹನಿಗಳು ದೊರೆತರೆ ಸಾಕೆಂಬ ನಿರೀಕ್ಷೆಯಲ್ಲಿರುತ್ತಾರೆ. ಅವಕ್ಕೂ ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ಬೇರೊಂದಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ಭಾಷಣಕಾರರಲ್ಲಿ ಬಹಳ ಮಂದಿಯ ಉಸಿರು ಅಲ್ಲಿಗೆ ತಲುಪುವ ಮೊದಲೇ ತೀರಿಹೋಗಿರುತ್ತದೆ.

ತಿಪಟೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ತೆಂಗಿನ ಬೇಸಾಯದ ಬಗ್ಗೆ ಮಾತನಾಡಲು ಅಭ್ಯಾಸ ಮಾಡುತ್ತಿದ್ದಾಗ ನಾನು ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತಿದ್ದೆ. 'ಗೊಬ್ಬರವನ್ನು ಮರದ ಕಾಂಡಕ್ಕೆ ತಾಗುವಂತೆ ಹಾಕಬಾರದು' ಎಂಬ ವಾಕ್ಯದಲ್ಲಿ ನನಗೆ ಕೇಳಿಸಿದ್ದು 'ಹಾಕ' ಎಂಬಷ್ಟೇ. ಹಾಕಬೇಕೋ ಹಾಕಬಾರದೋ ಎಂಬುದು ಅವಳ ಗಂಟಲಲ್ಲೇ ಉಳಿಯಿತು. ವಿಷಯ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಮಾತಿನಲ್ಲಿ ಕಾಳಜಿಯೂ ಇತ್ತು. ಆದರೆ ಬೇಕು, ಬಾರದು, ಇಲ್ಲ, ಅಲ್ಲ ಎಂಬ ತೀರ್ಮಾನಗಳೆಲ್ಲ ನಮ್ಮ ವಾಕ್ಯದ ತುದಿಯಲ್ಲೇ ಇರುವುದರಿಂದ, ಆ ತುದಿ ಕೇಳಿಸದಿದ್ದರೆ ಉಳಿದದ್ದೆಲ್ಲ ಕೇಳಿಸಿಯೂ ಪ್ರಯೋಜನವಿಲ್ಲ. ಹೀಗೆ ನಾಲ್ಕಾರು ವಾಕ್ಯಗಳ ಕೊನೆ ತಪ್ಪಿದ ಕೇಳುಗ ಮೊಬೈಲ್ ತೆಗೆದರೆ ಅವನನ್ನು ದೂರುವಂತಿಲ್ಲ.

ಧ್ವನಿವರ್ಧಕ ಬರುವುದಕ್ಕೆ ಮುಂಚಿನ ವೃತ್ತಿ ರಂಗಭೂಮಿಯ ನಟರಿಗೆ ಹೀಗೆ ವಾಕ್ಯದ ಕೊನೆಯನ್ನು ನುಂಗುವ ಸ್ವಾತಂತ್ರ್ಯವೇ ಇರಲಿಲ್ಲ. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯಂಥವುಗಳಲ್ಲಿ ಸಂಭಾಷಣೆಯ ಕೊನೆಯ ಅಕ್ಷರವೂ ಹಿಂದಿನ ಸಾಲಿಗೆ ಮುಟ್ಟಲೇಬೇಕಿತ್ತು. ಮೈಕ್ ಬಂದ ಮೇಲೆ ಆ ಕಸರತ್ತು ಬೇಡವೆಂದು ನಾವು ತಿಳಿದಿದ್ದೇವೆ. ಕುಗ್ಗಿದ ದನಿಯನ್ನು ಮೈಕ್ ಕುಗ್ಗಿದಂತೆಯೇ ದಾಟಿಸುತ್ತದೆ.

ಅಭ್ಯಾಸದ ಕ್ರಮ ಸರಳವಾದರೂ ತಾಳ್ಮೆ ಬೇಡುತ್ತದೆ. ಭಾಷಣವನ್ನು ಬರೆದುಕೊಂಡು ಗಟ್ಟಿಯಾಗಿ ಓದಬೇಕು. ಒಂದೇ ಉಸಿರಿನಲ್ಲಿ ಮುಗಿಯದ ವಾಕ್ಯವನ್ನು ಎರಡಾಗಿ ಒಡೆಯಬೇಕು. ಓದುಗನಿಗೆ ಹಿಂದಿನ ಸಾಲಿಗೆ ಮರಳುವ ಅವಕಾಶವಿದೆ, ಕೇಳುಗನಿಗಿಲ್ಲ. ಹಾಗಾಗಿ ಈ ಬರಹದ ವಾಕ್ಯಗಳನ್ನೇ ವೇದಿಕೆಯ ಮೇಲೆ ಹೇಳಬೇಕಾಗಿ ಬಂದರೆ ನಾನು ಅರ್ಧದಷ್ಟಕ್ಕೆ ಮೊಟಕುಗೊಳಿಸುತ್ತೇನೆ. ಬಳಿಕ ಗೆಳೆಯರೊಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕ್ರಿಯಾಪದ ಕೇಳಿಸದಾಗಲೆಲ್ಲ ಕೈಯೆತ್ತುವಂತೆ ಹೇಳಬೇಕು. ಮೊದಲ ದಿನ ಆ ಕೈ ಕೆಳಗಿಳಿಯುವುದೇ ಅಪರೂಪ. ಉಸಿರನ್ನು ಎದೆಯ ಮೇಲ್ಭಾಗದಿಂದಲ್ಲ, ಹೊಟ್ಟೆಯಿಂದ ಎಳೆದುಕೊಂಡರೆ ವಾಕ್ಯದ ಕೊನೆಗೆ ಒಂದಿಷ್ಟು ಉಳಿದಿರುತ್ತದೆ.

ವಾಕ್ಯ ಮುಗಿದ ಮೇಲೆ ಕ್ಷಣಕಾಲ ನಿಲ್ಲುವುದನ್ನು ಹರಿಕಥೆಯ ದಾಸರಿಂದ ಕಲಿಯಬೇಕು. ಕಥೆಯ ಬಿಗಿಯಾದ ಜಾಗದಲ್ಲಿ ಅವರು ಮಾತು ನಿಲ್ಲಿಸಿ ಚಿಟಿಕೆ ತಾಳವನ್ನಷ್ಟೇ ನುಡಿಸುತ್ತಾರೆ. ಅಷ್ಟರಲ್ಲಿ ಹೇಳಿದ್ದು ಸಭೆಯ ಮನಸ್ಸಿಗೆ ಇಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಆ ಬಿಡುವಿಗೆ ಹೆದರಿ, ಅದನ್ನು 'ಅಂದರೆ', 'ಅಂತಕ್ಕಂತಹ' ಎಂಬ ಮಾತುಗಳಿಂದ ತುಂಬಿಬಿಡುತ್ತಾರೆ.

ವೇದಿಕೆಯ ಮೇಲಿರುವ ಪ್ರತಿಯೊಬ್ಬರ ಹೆಸರನ್ನೂ ಬಿರುದುಬಾವಲಿಗಳ ಸಮೇತ ಹೇಳುವ ಪದ್ಧತಿಯನ್ನು ಒಂದೇ ಸಾಲಿಗೆ ಇಳಿಸುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ಸಭೆ ಅತ್ಯಂತ ಲಕ್ಷ್ಯದಿಂದ ಕೇಳುವ ಮೊದಲ ನಿಮಿಷ ಅದರಲ್ಲೇ ಕಳೆದುಹೋಗುತ್ತದೆ.

ಭಾಷಣದ ಮುಕ್ತಾಯದಲ್ಲೂ ಇದೇ ತೊಂದರೆ. 'ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ' ಎನ್ನುತ್ತಲೇ ಮೈಕ್ ಬಿಟ್ಟು ಹೊರಡುವುದರಿಂದ ಆ ಕೊನೆಯ ವಾಕ್ಯವೂ ಅರ್ಧಕ್ಕೆ ನಿಲ್ಲುತ್ತದೆ. ಕಡೆಯ ವಾಕ್ಯವೊಂದನ್ನಾದರೂ ಬಾಯಿಪಾಠ ಮಾಡಿಸಿ, ಅದರ ಕ್ರಿಯಾಪದವನ್ನು ಪೂರ್ತಿ ಉಚ್ಚರಿಸಿ, ಸಭೆಯ ಕಡೆಗೊಮ್ಮೆ ನೋಡಿ, ಆಮೇಲೆ ಹೆಜ್ಜೆ ಕದಲಿಸಲು ನಾನು ಹೇಳುತ್ತೇನೆ.