ಆರನೆಯ ಗಣ ಕೊನೆಗೂ ಕೂತಿತು

ಮೂರು ತಿಂಗಳಿಂದ ಕಾಡುತ್ತಿದ್ದ ಒಂದು ಸಾಲು ಮೊನ್ನೆ ರಾತ್ರಿ ಬಗೆಹರಿಯಿತು. ಬೀಸುಕಲ್ಲಿನ ಮುಂದೆ ಕೂತು ಹಾಡುವ ಆಯಿಯ ಪದಗಳನ್ನು ಧ್ವನಿಮುದ್ರಿಸಿದ್ದು, ಬರೆದಿಳಿಸಿದ್ದು, ವಿಷಯವಾರು ವಿಂಗಡಿಸಿದ್ದು, ಇವೆಲ್ಲ ಈ ಹಾದಿಯಲ್ಲಿ ನಡೆದವರಿಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ನೇರವಾಗಿ ತೊಡಕಿಗೆ ಬರುತ್ತೇನೆ.

ತ್ರಿಪದಿ ಮೂರು ಸಾಲಿನ ಪದ್ಯ; ಸಾಲುಗಳಲ್ಲಿ ಕ್ರಮವಾಗಿ 4, 4, 3 ಗಣಗಳು, ಅಂದರೆ ಅಳತೆಯ ತುಂಡುಗಳು. ಗಣವನ್ನು ಅಳೆಯುವುದು ಅಂಶದಿಂದ: ಒಂದು ಅಕ್ಷರಕ್ಕೆ ಒಂದು ಅಂಶ, ಗಣದ ಮೊದಲಲ್ಲಿ ಮಾತ್ರ ಎರಡು ಲಘುಗಳು (ಹ್ರಸ್ವಾಕ್ಷರಗಳು) ಸೇರಿ ಒಂದೇ ಅಂಶ. ಬರೆದಿಟ್ಟ 62 ತ್ರಿಪದಿಗಳಿಗೆ ಹೀಗೆ ಗಣ ಹಾಕುತ್ತ ಹೋದಾಗ, ನಮ್ಮೆಲ್ಲರ ನಾಲಗೆಯ ಮೇಲಿರುವ ಪದವೇ ಲೆಕ್ಕಕ್ಕೆ ಸಿಗದೆ ಹೋಯಿತು:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮ್ತಾಯ
ಎದ್ದೊಂದು ಗಳಿಗೆ ನೆನೆದೇನ

ಮೊದಲ ಸಾಲಿನ ನಾಲ್ಕೂ ವಿಷ್ಣುಗಣಗಳು (ಮೂರು ಅಂಶದವು) ನಿರಾಯಾಸವಾಗಿ ಬೀಳುತ್ತವೆ. ಮೂರನೆಯ ಸಾಲಿನಲ್ಲಿ ‘ಗಳಿಗೆ’ ಎಂಬುದು ಹತ್ತನೆಯ ಸ್ಥಾನದ ಬ್ರಹ್ಮಗಣವಾಗಿ (ಎರಡು ಅಂಶದ್ದು) ಅಚ್ಚುಕಟ್ಟಾಗಿ ಕೂರುತ್ತದೆ. ಎರಡನೆಯ ಸಾಲು ಮಾತ್ರ ತಿರುಗಿ ಬೀಳುತ್ತದೆ. ಐದನೆಯದು ವಿಷ್ಣು, ಆರನೆಯದು ಬ್ರಹ್ಮ ಆಗಬೇಕಾದಲ್ಲಿ ‘ಎಳ್ಳು’ ಎರಡೇ ಅಂಶದ್ದು, ‘ಜೀರಿಗೆ’ ಮೂರು ಅಂಶದ್ದು. ‘ಎಳ್ಳುಜೀ’ ಎಂದು ಒಡೆದರೆ ಐದನೆಯ ಗಣ ಸರಿಹೋಗುತ್ತದೆ, ಆದರೆ ಉಳಿಯುವ ‘ರಿಗೆ’ ಎರಡು ಲಘುಗಳ ಒಂದೇ ಅಂಶವಾಗಿ ಕುಂಟುತ್ತದೆ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲಿ ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಎಂಬ ಸಾಲಿನ ‘ಕಲಿಗೆ’ ಆರನೆಯ ಸ್ಥಾನದಲ್ಲಿ ಎಷ್ಟು ನೆಟ್ಟಗೆ ನಿಂತಿದೆ! ಕಲ್ಲಿನಲ್ಲಿ ಕೊರೆದವನಿಗೆ ಒಲಿದದ್ದು ಕಲ್ಲು ಬೀಸುವವರಿಗೆ ಒಲಿಯಲಿಲ್ಲವೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ‘ಜನಪದರ ಛಂದಸ್ಸು ಸಡಿಲ’ ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ, ಆದರೆ ಉಳಿದ ಒಂಬತ್ತು ಗಣಗಳನ್ನು ಕೂದಲೆಳೆಯಷ್ಟೂ ತಪ್ಪಿಸದ ಬಾಯಿ ಇಲ್ಲಿ ಮಾತ್ರ ಏಕೆ ಸಡಿಲವಾಗಬೇಕು?

ಉತ್ತರ ಧ್ವನಿಯಲ್ಲೇ ಇರಬೇಕಿತ್ತು, ಆದರೆ ಧ್ವನಿಯೇ ಸರಿಯಾಗಿ ಕೇಳುತ್ತಿರಲಿಲ್ಲ. ಬೀಸುಕಲ್ಲಿನ ಗರಗರ ಸದ್ದು ‘ರ’ಕಾರವನ್ನು ಪೂರ್ತಿ ನುಂಗಿಬಿಡುತ್ತದೆ. ಅದಕ್ಕೆಂದೇ ತರಿಸಿದ ಕಾಲರ್ ಮೈಕಿನ ಪಿನ್ನು ನನ್ನ ರೆಕಾರ್ಡರಿಗೆ ಹೊಂದಲಿಲ್ಲ. ಹೊಂದುತ್ತದೆಂದು ಬರೆದುಕೊಟ್ಟಿದ್ದ ಮಾರಾಟಗಾರರು ಬದಲಿ ಕಳಿಸಲು ಮೂರು ವಾರ ತೆಗೆದುಕೊಂಡರು, ಬದಲಿಯಾಗಿ ಬಂದದ್ದೂ ಅದೇ ಪಿನ್ನಿನದು. ಕೊನೆಗೆ ಪರಿಚಿತರಿಂದ ಒಂದು ಮೈಕು ಎರವಲು ತಂದು, ಆಯಿಯ ಸೆರಗಿಗೆ ಸಿಕ್ಕಿಸಿ, ಮತ್ತೊಮ್ಮೆ ಹಾಡಿಸಿದೆ.

ಧ್ವನಿ ಸಂಪಾದಿಸುವ ಆಡಾಸಿಟಿ ತಂತ್ರಾಂಶದಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಿದಾಗ ಸ್ಪಷ್ಟವಾಯಿತು: ಆಯಿ ಹಾಡುವುದು ‘ಎಳ್ಳೂಊ ಜೀರ್ಗೆ’ ಎಂದು. ‘ಎಳ್ಳು’ ಎಳೆದು ಮೂರು ಅಂಶವಾಗುತ್ತದೆ, ‘ಜೀರ್ಗೆ’ ಎರಡಕ್ಕೆ ಇಳಿದು ಬ್ರಹ್ಮವಾಗುತ್ತದೆ. ಗಣ ತಪ್ಪಿದ್ದು ಹಾಡಿನಲ್ಲಲ್ಲ, ಆಡುಮಾತನ್ನು ಪುಸ್ತಕದ ಕಾಗುಣಿತಕ್ಕೆ ತಿದ್ದಿದ ನನ್ನ ಬರವಣಿಗೆಯಲ್ಲಿ.

ಅದಕ್ಕಿಂತ ದೊಡ್ಡದೊಂದು ಸಂಗತಿ ಅದೇ ರಾತ್ರಿ ಕೈಗೆ ಸಿಕ್ಕಿತು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಏಳನೆಯ ಗಣದವರೆಗೆ ಹಾಡಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಪೂರ್ತಿ ಹಾಡುವ ರೂಢಿ ನಮಗೆಲ್ಲ ಗೊತ್ತಿದೆ. ಆ ಪುನರಾವರ್ತನೆಯನ್ನು ರಾಗದ ಅಗತ್ಯವೆಂದು ತಿಳಿದು ನಾನು 62 ಪದಗಳಲ್ಲೂ ಅಳಿಸಿಹಾಕಿದ್ದೆ. ಈಗ ಈ ಪದವನ್ನು ಹಾಡಿದಂತೆಯೇ ಓದಿ ನೋಡಿ. ಯಾರ್ಯಾರನ್ನು ನೆನೆಯಲಿ ಎಂಬ ಪ್ರಶ್ನೆಯ ಬೆನ್ನಿಗೇ ‘ಎಳ್ಳು ಜೀರಿಗೆ ಬೆಳೆಯೋಳ’ ಎಂದು ಅರ್ಧ ಉತ್ತರ ಬರುತ್ತದೆ ಮತ್ತು ಅಲ್ಲಿಯೇ ನಿಲ್ಲುತ್ತದೆ. ಬೆಳೆಯುವವಳು ಯಾರೆಂಬುದು ಇನ್ನೂ ತಿಳಿದಿಲ್ಲ. ಆ ನಿಲುಗಡೆಯಲ್ಲಿ ಆಯಿ ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತಾರೆ. ಅದೇ ಮಾತು ಎರಡನೆಯ ಸಲ ಬಂದಾಗ ಅದರ ತುದಿಯಲ್ಲಿ ‘ಭೂಮ್ತಾಯ’ ಎಂಬ ಹೆಸರು ತೆರೆದುಕೊಳ್ಳುತ್ತದೆ. ಹೆಸರಿಗಿಂತ ಮೊದಲು ಅವಳ ದುಡಿಮೆಯನ್ನು ಎರಡು ಸಲ ನೆನೆಯುವುದೇ ಈ ಪದದ ಕಟ್ಟೋಣ. ನಾನು ಅಳಿಸಿದ್ದು ರಾಗದ ತುಂಡನ್ನಲ್ಲ, ಕಾವ್ಯದ ಒಂದು ಪಾದವನ್ನೇ.

ಮರುದಿನ ಹೋಗಿ ಇದನ್ನು ಆಯಿಗೆ ಹೇಳಿದೆ. “ಲಗೂನ ಹೆಸರ ಹೇಳಿಬಿಟ್ರ ಕಲ್ಲ ಹಗರ ಆಗೂದಿಲ್ಲೋ ತಮ್ಮಾ” ಎಂದರು. ಅದನ್ನು ಟಿಪ್ಪಣಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಹಾಡಿದಂತೆ ಬರೆದರೆ ಸಾಲಿನ ಗಣಗಳು 4, 3, 4, 3 ಆಗುತ್ತವೆ, ಅಂದರೆ ಸಾಂಗತ್ಯ ಎಂಬ ನಾಲ್ಕು ಸಾಲಿನ ಹಾಡುಗಬ್ಬದ ಅಳತೆ. ತ್ರಿಪದಿಯನ್ನು ಹಾಡುವ ಕ್ರಮದಿಂದಲೇ ಸಾಂಗತ್ಯ ಹುಟ್ಟಿತೆಂದು ಛಂದಸ್ಸಿನ ವಿದ್ವಾಂಸರು ಹೇಳಿದ್ದನ್ನು ಓದಿದ್ದೆ, ಕಿವಿಯಿಂದ ಕೇಳಿದ್ದು ಈಗಲೇ. ಆದರೆ ಸಾಂಗತ್ಯದ ಏಳನೆಯ ಗಣ ಬ್ರಹ್ಮ, ಆಯಿಯ ‘ಬೆಳೆಯೋಳ’ ವಿಷ್ಣು, ಮೇಲಾಗಿ ನಿಲುಗಡೆಯಲ್ಲಿ ಅದು ‘ಬೆಳೆಯೋಳಾ’ ಎಂದು ಇನ್ನೂ ಹಿಗ್ಗುತ್ತದೆ. ಆ ಏಳನೆಯ ಗಣ ಎಲ್ಲಿಯಾದರೂ ಕುಗ್ಗುತ್ತದೆಯೇ ಎಂದು ಹುಡುಕುವುದು ಮುಂದಿನ ಯೋಜನೆ. ಕವಿ ರತ್ನಾಕರವರ್ಣಿಯ ಸಾಂಗತ್ಯಕಾವ್ಯದ ಕೆಲವು ಸಂಧಿಗಳನ್ನು (ಅಧ್ಯಾಯಗಳನ್ನು) ಆಯಿಯ ಧಾಟಿಯಲ್ಲಿ ಹಾಡಿಸಿ ನೋಡುವ ಆಸೆಯೂ ಇದೆ.

ಅದಕ್ಕೂ ಮೊದಲು 62 ಪದಗಳನ್ನೂ ನಾಲ್ಕು ಸಾಲುಗಳಲ್ಲಿ, ಆಯಿಯ ಉಚ್ಚಾರದಂತೆಯೇ ಮತ್ತೆ ಬರೆಯಬೇಕು. ಈವರೆಗೆ ಒಂಬತ್ತು ಮುಗಿದಿವೆ.